ಕೊರೊನಾ ಹೋಯ್ತು, ಕಂತು ಹೋಗಲಿಲ್ಲ

2020ರ ಏಪ್ರಿಲ್‌ನಲ್ಲಿ ಮನೋವೈದ್ಯರಿಗೆಲ್ಲ ಒಂದು ಭಯವಿತ್ತು. ಊರಿಗೆ ಊರೇ ಮನೆಯೊಳಗೆ ಕೂತಿದೆ, ದುಡಿಮೆ ನಿಂತಿದೆ, ಟಿವಿ ಹಚ್ಚಿದರೆ ಸಾವಿನ ಲೆಕ್ಕ. ಇನ್ನು ಆತ್ಮಹತ್ಯೆಗಳು ಒಮ್ಮೆಲೇ ಏರುತ್ತವೆ ಅಂತ ಎಲ್ಲರೂ ಅಂದುಕೊಂಡರು. ಮುಂದಿನ ವರ್ಷ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ 21 ದೇಶಗಳ ಅಂಕಿ-ಅಂಶ ಬಂತು. ಕೊರೊನಾದ ಮೊದಲ ತಿಂಗಳುಗಳಲ್ಲಿ ಹೆಚ್ಚಿನ ಕಡೆ ಆತ್ಮಹತ್ಯೆ ಏರಿರಲಿಲ್ಲ. ಕೆಲವು ಕಡೆ ಇಳಿದಿತ್ತು.

‘ನೋಡ್ರಿ, ಸುಮ್ನೆ ಹೆದರಿಸಿದ್ರು’ ಅಂತ ಇದನ್ನು ಓದಿಕೊಂಡವರಿದ್ದಾರೆ. ಆದರೆ ಆ 21ರಲ್ಲಿ 16 ಶ್ರೀಮಂತ ದೇಶಗಳು. ಉಳಿದ 5 ಅವಕ್ಕಿಂತ ಒಂದು ಮೆಟ್ಟಿಲು ಕೆಳಗಿನವು. ಭಾರತ ಅದರಲ್ಲಿ ಇರಲೇ ಇಲ್ಲ. ಅಂಥ ದೇಶಗಳ ಲೆಕ್ಕವನ್ನು ದಿನದ ದುಡಿಮೆಯ ಮೇಲೆ ನಿಂತ ನಮ್ಮ ಊರುಗಳಿಗೆ ಹಚ್ಚಲು ಬರುವುದಿಲ್ಲ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಅಧ್ಯಯನ ನೋಡಿದ್ದು ಮೊದಲ ಕೆಲವೇ ತಿಂಗಳು.

ಆಮೇಲೆ ಏನಾಯ್ತು ಅನ್ನುವುದಕ್ಕೆ ಜಪಾನ್ ನೋಡಬೇಕು. ಅಲ್ಲಿ ತಿಂಗಳು ತಿಂಗಳು ಲೆಕ್ಕ ಹೊರಬೀಳುತ್ತದೆ. 2020ರ ಫೆಬ್ರುವರಿಯಿಂದ ಜೂನ್‌ವರೆಗೆ ಆತ್ಮಹತ್ಯೆ ಶೇ. 14ರಷ್ಟು ಇಳಿದಿತ್ತು. ಜುಲೈನಿಂದ ಅಕ್ಟೋಬರ್‌ವರೆಗೆ ಶೇ. 16ರಷ್ಟು ಏರಿತು. ಹೆಂಗಸರಲ್ಲಿ ಏರಿಕೆ ಇನ್ನೂ ಜಾಸ್ತಿ. ಹತ್ತು ವರ್ಷದಿಂದ ಇಳಿಯುತ್ತಾ ಬಂದಿದ್ದ ವಾರ್ಷಿಕ ಸಂಖ್ಯೆ ಆ ವರ್ಷ ಮೊದಲ ಬಾರಿಗೆ ಮೇಲೆದ್ದು 21,081ಕ್ಕೆ ಮುಟ್ಟಿತು.

ಅಂದರೆ ಅಪಾಯ ಬರುವುದು ಅಲೆಯ ಬೆನ್ನಿಗೆ, ಅದೂ ನಿಧಾನವಾಗಿ. ಎಲ್ಲರೂ ಮಾಸ್ಕ್ ತೆಗೆದು ‘ಅಂತೂ ಮುಗೀತು’ ಅನ್ನುವ ಹೊತ್ತಿಗೆ ಕೆಲವು ಮನೆಗಳಲ್ಲಿ ಅದು ಶುರುವಾಗಿರುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಬದುಕು ನೋಡಿದವರಿಗೆ ಇದು ಯಾಕೆ ಹೀಗೆ ಅನ್ನುವುದು ಬೇಗ ತಿಳಿಯುತ್ತದೆ.

ಮೊದಲು ನಮ್ಮ ದೇಶದ ಲೆಕ್ಕ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ, ಹೇಳುವಂತೆ 2019ರಲ್ಲಿ ದೇಶದಲ್ಲಿ 1,39,123 ಜನ ಆತ್ಮಹತ್ಯೆ ಮಾಡಿಕೊಂಡರು. 2020ರಲ್ಲಿ 1,53,052. 2021ರಲ್ಲಿ 1,64,033. 2022ರಲ್ಲಿ 1,70,924. ಕರ್ನಾಟಕದ್ದು ಕ್ರಮವಾಗಿ 11,288, 12,259, 13,056, 13,606. ಕೊರೊನಾಕ್ಕೆ ಮೊದಲೂ ಸಂಖ್ಯೆ ಏರುತ್ತಲೇ ಇತ್ತು, ಅದನ್ನು ಮರೆಯುವಂತಿಲ್ಲ. ಆದರೆ 2019ರಲ್ಲಿ ಹಿಂದಿನ ವರ್ಷಕ್ಕಿಂತ ಶೇ. 3.4 ಏರಿದ್ದು 2020ರಲ್ಲಿ ಶೇ. 10 ಏರಿತು. 2021ರಲ್ಲಿ ಶೇ. 7, 2022ರಲ್ಲಿ ಶೇ. 4. ವೇಗ ನಿಧಾನಕ್ಕೆ ಇಳಿಯಿತು, ಸಂಖ್ಯೆ ಇಳಿಯಲಿಲ್ಲ.

ಬ್ಯೂರೊದ ಈ ವಾರ್ಷಿಕ ವರದಿಯಲ್ಲಿ ಒಂದು ದೊಡ್ಡ ಕೊರತೆ ಇದೆ. 2020ರ ಲೆಕ್ಕ ಜನರ ಕೈಗೆ ಸಿಕ್ಕಿದ್ದು 2021ರ ಅಕ್ಟೋಬರ್‌ನಲ್ಲಿ. 2022ರ ಲೆಕ್ಕ 2023ರ ಡಿಸೆಂಬರ್‌ನಲ್ಲಿ. ಕೊರೊನಾ ಕೇಸುಗಳನ್ನು ದಿನಾ ಸಂಜೆ ಜಿಲ್ಲಾವಾರು ಎಣಿಸಿ ಹೇಳಿದ ವ್ಯವಸ್ಥೆಗೆ ಈ ಸಾವುಗಳನ್ನು ತಿಂಗಳಿಗೊಮ್ಮೆಯಾದರೂ ಹೇಳುವುದು ಕಷ್ಟವಾ? ಯಾವ ತಾಲ್ಲೂಕಿನಲ್ಲಿ, ಯಾವ ತಿಂಗಳಲ್ಲಿ ಏರುತ್ತಿದೆ ಅಂತ ಆಗಲೇ ಗೊತ್ತಾದರೆ ಏನಾದರೂ ಮಾಡಬಹುದು. ವರ್ಷ ಕಳೆದ ಮೇಲೆ ಗೊತ್ತಾದರೆ ಲೇಖನ ಬರೆಯಬಹುದು, ಅಷ್ಟೇ.

ಯಾರು ಸತ್ತರು ಅನ್ನುವ ಪಟ್ಟಿಯೂ ಅಲ್ಲಿದೆ. ಉತ್ತರ ಕರ್ನಾಟಕದಲ್ಲಿ ಆತ್ಮಹತ್ಯೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವವನು ರೈತ. ಹಾವೇರಿ, ಗದಗದಲ್ಲಿ ಅದಕ್ಕೆ ಕಾರಣವೂ ಇದೆ. ಆದರೆ ಕೃಷಿಯಲ್ಲಿ ತೊಡಗಿದವರ ಆತ್ಮಹತ್ಯೆ 2019ರಲ್ಲಿ 10,281 ಇದ್ದದ್ದು 2020ರಲ್ಲಿ 10,677 ಆಯಿತು. ಅದೇ ಅವಧಿಯಲ್ಲಿ ದಿನಗೂಲಿಗಳದ್ದು 32,563ರಿಂದ 37,666ಕ್ಕೆ, 2021ರಲ್ಲಿ 42,004ಕ್ಕೆ ಹೋಯಿತು. ಹೊಲದ ಕೂಲಿಕಾರರು ಈ ದಿನಗೂಲಿ ಲೆಕ್ಕದಲ್ಲಿ ಸೇರಿಲ್ಲ, ಅವರದ್ದು ಕೃಷಿಯ ಪಟ್ಟಿ. ಸಣ್ಣ-ದೊಡ್ಡ ವ್ಯಾಪಾರಸ್ಥರದ್ದು 9,052ರಿಂದ 11,716ಕ್ಕೆ ಏರಿತು. ಕೊರೊನಾ ಹೊಡೆತ ಜಾಸ್ತಿ ಬಿದ್ದದ್ದು ಪೇಟೆಯ ಬಡವನಿಗೆ. ಅಮರಗೋಳದ ಎಪಿಎಂಸಿಯ ಹಮಾಲ, ದುರ್ಗದಬೈಲಿನಲ್ಲಿ ಮಿರ್ಚಿ-ಗಿರಮಿಟ್ ಗಾಡಿ ಇಟ್ಟವನು, ಬೆಟಗೇರಿಯ ಮಗ್ಗದವನು. ಇವರು ತೀರಿಕೊಂಡರೆ ರೈತನಿಗಿರುವಂಥ ಪರಿಹಾರವೂ ಇಲ್ಲ, ಮನೆಗೆ ಮಂತ್ರಿಗಳೂ ಬರುವುದಿಲ್ಲ.

ಮದುವೆ ಸೀಸನ್ ಒಂದನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಏಪ್ರಿಲ್-ಮೇ ಅಂದರೆ ಮದುವೆ. ಬ್ಯಾಂಡಿನವರು, ಪೆಂಡಾಲ್ ಹಾಕುವವರು, ಅಡುಗೆಯವರು, ಫೋಟೋದವರು, ಹೂವಿನವರು, ಹಾವೇರಿಯಲ್ಲಿ ಯಾಲಕ್ಕಿ ಹಾರ ಕಟ್ಟುವವರು, ಬಳೆಗಾರರು. ಇವರಲ್ಲಿ ಬಹಳ ಮಂದಿಗೆ ಆ ಎರಡು ತಿಂಗಳ ಗಳಿಕೆಯೇ ವರ್ಷದ ದೊಡ್ಡ ಗಳಿಕೆ. 2020ರಲ್ಲಿ ಆ ಸೀಸನ್ ಪೂರ್ತಿ ಹೋಯ್ತು. ‘ಬರೋ ವರ್ಷ ನೋಡೋಣು’ ಅಂತ ಸಾಲ ಮಾಡಿ ಕಾದರು. 2021ರ ಏಪ್ರಿಲ್ ಕೊನೆಗೆ ಮತ್ತೆ ಎಲ್ಲ ಬಂದ್. ಒಂದು ಸೀಸನ್ ಹೋದರೆ ಬಂಗಾರ ಅಡ ಇಡಬಹುದು. ಎರಡನೆಯದಕ್ಕೆ ಇಡಲು ಏನೂ ಉಳಿದಿರುವುದಿಲ್ಲ.

ಹಾಗಾದರೆ ಮೊದಲ ದಿನಗಳಲ್ಲಿ ತಡೆದದ್ದು ಏನು? ಕಷ್ಟ ಎಲ್ಲರಿಗೂ ಒಟ್ಟಿಗೇ ಬಂದಾಗ ಮನುಷ್ಯ ತನ್ನನ್ನು ತಾನು ಬೈದುಕೊಳ್ಳುವುದು ಕಡಿಮೆ. ನನ್ನ ಅಂಗಡಿ ಮುಚ್ಚಿದೆ ನಿಜ, ಆದರೆ ಇಡೀ ಕೊಪ್ಪಿಕರ್ ರಸ್ತೆಯೇ ಮುಚ್ಚಿದೆಯಲ್ಲ. ಓಣಿಯ ಹುಡುಗರು ರೇಷನ್ ಕಿಟ್ ಹಂಚುತ್ತಿದ್ದರು. ಪುಣೆ, ಗೋವಾ, ಬೆಂಗಳೂರಿಗೆ ದುಡಿಯಲು ಹೋದವರು ಹೇಗೋ ಊರು ಸೇರಿದ್ದರು, ಮನೆ ತುಂಬಿತ್ತು. ಸಾಲ ಕೊಟ್ಟವನೂ ಬಾಗಿಲಿಗೆ ಬರುವಂತಿರಲಿಲ್ಲ.

ಇದಕ್ಕೆ ಹೊರತಾಗಿ ಆಗಲೇ ನಲುಗಿದ ಎರಡು ಗುಂಪುಗಳಿದ್ದವು. ಒಂದು, ಸೋಂಕು ತಗುಲಿದವರು ಮತ್ತು ತಗುಲಿರಬಹುದು ಅನ್ನಿಸಿಕೊಂಡವರು. ಕೈಗೆ ಸೀಲು, ಬಾಗಿಲಿಗೆ ಪೋಸ್ಟರ್, ಹೆಸರಿನ ಬದಲು ‘ಪಿ’ ಅಂತ ಶುರುವಾಗುವ ಒಂದು ನಂಬರು. ಕರ್ನಾಟಕದಲ್ಲಂತೂ ಮನೆಯಲ್ಲಿ ಕ್ವಾರಂಟೈನ್ ಆದವರು ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತಾಸಿಗೊಂದು ಸೆಲ್ಫಿ ಕಳಿಸಬೇಕು ಅಂತ ಸರ್ಕಾರ ಆದೇಶ ಮಾಡಿತ್ತು. ಕಳಿಸದಿದ್ದರೆ ಮನೆಗೆ ತಂಡ ಬರುತ್ತಿತ್ತು. ರೋಗಕ್ಕೆ ಇದು ಬೇಕಿತ್ತೋ ಇಲ್ಲವೋ, ರೋಗಿ ಮಾತ್ರ ಕಳ್ಳನಾದ. ವಾಸಿಯಾಗಿ ಬಂದವರ ಮನೆಗೆ ಹಾಲಿನವನು ಬರಲಿಲ್ಲ, ಪಕ್ಕದ ಮನೆಯವರು ಕಿಟಕಿ ಮುಚ್ಚಿದರು. ಅವಮಾನ ಜ್ವರದ ಹಾಗೆ ಹದಿನಾಲ್ಕು ದಿನಕ್ಕೆ ಇಳಿಯುವುದಿಲ್ಲ.

ಇನ್ನೊಂದು ಗುಂಪು ಕುಡಿತಕ್ಕೆ ಅಂಟಿಕೊಂಡವರು. ಮಾರ್ಚ್ 25ರಿಂದ ಮೇ 4ರವರೆಗೆ ಮದ್ಯದಂಗಡಿ ಬಂದ್. ವರ್ಷಗಟ್ಟಲೆ ದಿನಾ ಕುಡಿದವನಿಗೆ ಒಮ್ಮೆಲೇ ನಿಂತರೆ ಕೈ ನಡುಗುತ್ತದೆ, ನಿದ್ದೆ ಹತ್ತುವುದಿಲ್ಲ, ಇಲ್ಲದ್ದು ಕಾಣುತ್ತದೆ, ಫಿಟ್ಸ್ ಬರಬಹುದು. ಅದು ದವಾಖಾನೆಗೆ ಕರೆದೊಯ್ಯಬೇಕಾದ ಕಾಯಿಲೆ. ಬಹಳ ಮನೆಗಳಲ್ಲಿ ‘ಚಲೋನೇ ಆತು, ಬಿಡಲಿ’ ಅಂತ ಸುಮ್ಮನಾದರು. ಕೇರಳದಲ್ಲಿ ವೈದ್ಯರ ಚೀಟಿ ಇದ್ದವರಿಗೆ ಮದ್ಯ ಕೊಡುವ ಆದೇಶ ಹೊರಟು, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಮ್ಮಲ್ಲಿ ಅಂಗಡಿ ತೆರೆದ ಎರಡನೇ ದಿನ 197 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು ಅನ್ನುವುದೇ ಸುದ್ದಿಯಾಯಿತು. ನಡುವಿನ ನಲವತ್ತು ದಿನ ಸುದ್ದಿಯಾಗಲಿಲ್ಲ.

ಈಗ ಕಂತಿನ ವಿಷಯ. ತಡವಾಗಿ ಬರುವ ಅಪಾಯ ಅಂದೆನಲ್ಲ, ಅದರ ಕೀಲಿ ಇಲ್ಲಿದೆ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಮೂರು ತಿಂಗಳು ಕಂತು ಕಟ್ಟುವುದನ್ನು ಮುಂದೂಡಲು ಅವಕಾಶ ಕೊಟ್ಟಿತು. ಆಮೇಲೆ ಅದನ್ನು ಆಗಸ್ಟ್ 31ರವರೆಗೆ ಎಳೆಯಿತು. ಆ ಆರು ತಿಂಗಳು ಬಹಳ ಮನೆಗಳನ್ನು ಉಳಿಸಿರಬೇಕು. ಆದರೆ ಕಂತು ಮನ್ನಾ ಆಗಲಿಲ್ಲ, ಮುಂದಕ್ಕೆ ಹೋಯಿತು. ಬಡ್ಡಿ ಓಡುತ್ತಲೇ ಇತ್ತು. ಸೆಪ್ಟೆಂಬರ್ ಬಂದಾಗ ದುಡಿಮೆ ಇನ್ನೂ ಅರ್ಧಕ್ಕೇ ನಿಂತಿತ್ತು, ಸಾಲ ಮಾತ್ರ ಪೂರ್ತಿಯಾಗಿ ವಾಪಸ್ ಬಂತು. ಎರಡನೇ ಅಲೆಯಲ್ಲಿ ಎಲ್ಲರಿಗೂ ಅನ್ವಯಿಸುವ ಅಂಥ ಮುಂದೂಡಿಕೆ ಇರಲಿಲ್ಲ.

ಸಂಘದ ಸಾಲ, ಅಂದರೆ ಮೈಕ್ರೋಫೈನಾನ್ಸ್ ಕಂಪನಿಗಳು ಹೆಣ್ಣುಮಕ್ಕಳ ಗುಂಪಿಗೆ ಕೊಡುವ ಸಾಲ, ಹೇಗೆ ನಡೆಯುತ್ತದೆ ಅಂತ ಗೊತ್ತಿಲ್ಲದವರಿಗೆ: ಹತ್ತಾರು ಹೆಣ್ಣುಮಕ್ಕಳು ಒಬ್ಬರ ಮನೆ ಕಟ್ಟೆಯ ಮೇಲೆ ಬೆಳಿಗ್ಗೆ ಕೂಡುತ್ತಾರೆ. ಬೈಕಿನ ಮೇಲೆ ‘ಸರ್’ ಬರುತ್ತಾನೆ, ಮಗನ ವಯಸ್ಸಿನ ಹುಡುಗ. ಒಬ್ಬೊಬ್ಬರೇ ಪಾಸ್‌ಬುಕ್ ಮತ್ತು ನೋಟು ಇಡುತ್ತಾರೆ. ಒಬ್ಬಾಕೆಯ ಕಂತು ಕಡಿಮೆ ಬಿದ್ದರೆ ಉಳಿದವರು ಕೂಡಿಸಿ ಹಾಕಬೇಕು, ಇಲ್ಲದಿದ್ದರೆ ಯಾರೂ ಏಳುವಂತಿಲ್ಲ. ಕೆಲಸಕ್ಕೆ ಹೊತ್ತಾಗುತ್ತದೆ, ಒಲೆಯ ಮೇಲೆ ಅನ್ನ ಇಟ್ಟು ಬಂದಿರುತ್ತಾರೆ. ಆಗ ಬೈಯುವವನು ಕಂಪನಿಯವನಲ್ಲ, ನಿನ್ನೆಯವರೆಗೆ ಕಷ್ಟ-ಸುಖ ಹೇಳಿಕೊಂಡ ಗೆಳತಿ. ‘ನಿನ್ನ ಸಲುವಾಗಿ ನಾವ್ಯಾಕ ಕಟ್ಟಬೇಕವಾ?’ ಅನ್ನುವ ಆ ಮಾತು. ಕಂತು ತಪ್ಪಿದಾಕೆಗೆ ಹಣದ ಜೊತೆ ಓಣಿಯೂ ಕೈ ತಪ್ಪುತ್ತದೆ. ಇದನ್ನು ತೀರಿಸಲು ಇನ್ನೊಂದು ಸಂಘ, ಅದನ್ನು ತೀರಿಸಲು ಮೂರನೆಯದು.

ಹೀಗೆ ಹೊರಳುತ್ತಾ ಬಂದ ಸಾಲ ಎಲ್ಲಿಗೆ ಮುಟ್ಟಿತು ಅನ್ನುವುದು 2025ರ ಜನವರಿಯಲ್ಲಿ ಗೊತ್ತಾಯಿತು. ಹಾವೇರಿ ಜಿಲ್ಲೆಯ ಮಹಿಳೆಯರು ‘ಮಾಂಗಲ್ಯ ಉಳಿಸಿ’ ಅಂತ ಮುಖ್ಯಮಂತ್ರಿಗೆ ತಾಳಿಗಳನ್ನೇ ಅಂಚೆಯಲ್ಲಿ ಕಳಿಸಿದರು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಹೆದರಿಸಿ, ಹಿಂಸಿಸಿ ಸಾಲ ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಆ ಸಾಲವೆಲ್ಲ ಕೊರೊನಾದ್ದು ಅಂತ ನಾನು ಹೇಳುವುದಿಲ್ಲ. ಮಳೆ ಕೈಕೊಟ್ಟಿದ್ದು, ದವಾಖಾನೆ ಖರ್ಚು, ಮಗಳ ಮದುವೆ ಎಲ್ಲ ಅದರಲ್ಲಿ ಸೇರಿವೆ. ಆದರೆ ಎರಡು ವರ್ಷ ಗಳಿಕೆ ಇಲ್ಲದೆ ಬಡ್ಡಿ ಬೆಳೆದ ಮನೆಗಳು ಆಮೇಲೆ ನೆಟ್ಟಗಾಗಲೇ ಇಲ್ಲ ಅನ್ನುವುದು ಊರಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಸಾಲ ಇದ್ದವರೆಲ್ಲ ಸಾಯುವುದಿಲ್ಲ. ಇದನ್ನು ಒತ್ತಿ ಹೇಳಬೇಕು. ‘ಸಾಲಬಾಧೆ ತಾಳದೆ’ ಅಂತ ಪೇಪರಿನಲ್ಲಿ ಎರಡೇ ಪದಕ್ಕೆ ಮುಗಿಸುವ ಸುದ್ದಿಗಳು ಓದುವವನಿಗೆ ತಪ್ಪು ಲೆಕ್ಕ ಕಲಿಸುತ್ತವೆ. ಸಾಲಕ್ಕೆ ಸಾವೇ ಉತ್ತರ ಅನ್ನುವ ಹಾಗೆ. ಆ ಸಾಲದ ಜೊತೆ ಚಿಕಿತ್ಸೆ ಸಿಗದ ಖಿನ್ನತೆ ಇರುತ್ತದೆ, ಕುಡಿತ ಇರುತ್ತದೆ, ಮನೆಯ ಜಗಳ, ಓಣಿಯವರ ಮುಂದಾದ ಅವಮಾನ ಇರುತ್ತದೆ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಹೇಳಿದೆ: ಆತ್ಮಹತ್ಯೆ ಸುದ್ದಿಯನ್ನು ಎದ್ದು ಕಾಣುವಂತೆ ಹಾಕಬೇಡಿ, ಹೇಗೆ ಸತ್ತರು ಅನ್ನುವ ವಿವರ ಬರೆಯಬೇಡಿ, ಅದೊಂದು ಪರಿಹಾರ ಅನ್ನಿಸುವಂತೆ ತೋರಿಸಬೇಡಿ. ಲೋಕಲ್ ಚಾನೆಲ್‌ಗಳು, ವಾಟ್ಸ್‌ಆ್ಯಪ್ ಗುಂಪುಗಳು ಇದನ್ನು ಕಿವಿಗೆ ಹಾಕಿಕೊಂಡಂತೆ ಕಾಣುವುದಿಲ್ಲ.

ಧಾರವಾಡಕ್ಕೆ ತನ್ನದೇ ಇನ್ನೊಂದು ಕಥೆ ಇದೆ. ಸಪ್ತಾಪುರದಲ್ಲಿ ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಪೊಲೀಸ್ ಕಾನ್‌ಸ್ಟೆಬಲ್ ಅಂತ ಓದಲು ಬಂದ ಹುಡುಗ ಹುಡುಗಿಯರು. ವಿಜಯಪುರ, ಕೊಪ್ಪಳ, ರಾಯಚೂರಿನ ಹಳ್ಳಿಗಳಿಂದಲೂ ಬರುತ್ತಾರೆ. ಒಂದು ರೂಮಿನಲ್ಲಿ ಮೂವರು, ಗೋಡೆಗೆ ಭೂಪಟ, ಡಬ್ಬಿ ಊಟ, ರೀಡಿಂಗ್ ರೂಮಿನಲ್ಲಿ ತಿಂಗಳ ಬಾಡಿಗೆಯ ಕುರ್ಚಿ. ಲಾಕ್‌ಡೌನ್‌ನಲ್ಲಿ ರೂಮು ಖಾಲಿ ಮಾಡಿ ಊರಿಗೆ ಹೋದರು. ಪರೀಕ್ಷೆಗಳು ಮುಂದೆ ಹೋದವು, ಹೊಸ ನೇಮಕಾತಿ ನಿಂತವು, ವಯಸ್ಸು ನಿಲ್ಲಲಿಲ್ಲ. ಊರಲ್ಲಿ ದಿನಾ ಒಂದೇ ಪ್ರಶ್ನೆ: ‘ಯಾವಾಗ್ ಐತಿ ನಿನ್ನ ಪರೀಕ್ಷಾ?’ ಅಂತೂ 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ ಆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದೂ ರದ್ದಾಯಿತು. ಪ್ರಾಮಾಣಿಕವಾಗಿ ಓದಿ ಪಾಸಾದವನ ಸ್ಥಿತಿ ಯೋಚಿಸಿ. ದೇಶದಲ್ಲಿ ವಿದ್ಯಾರ್ಥಿಗಳ ಆತ್ಮಹತ್ಯೆ 2019ರಲ್ಲಿ 10,335 ಇದ್ದದ್ದು 2020ರಲ್ಲಿ 12,526, 2021ರಲ್ಲಿ 13,089 ಆಗಿತ್ತು. ಕೋಚಿಂಗ್ ಸೆಂಟರ್‌ಗಳು ಟಾಪರ್‌ಗಳ ಫೋಟೋ ಹಾಕಿದ ಬ್ಯಾನರ್ ಮಾತ್ರ ಇಳಿಸಲಿಲ್ಲ. ಒಬ್ಬ ಆಪ್ತಸಮಾಲೋಚಕರನ್ನು ವಾರಕ್ಕೆರಡು ದಿನ ಕೂರಿಸಿದರೆ ಆಗುವ ಖರ್ಚು ಆ ಬ್ಯಾನರಿಗಿಂತ ಎಷ್ಟು ಜಾಸ್ತಿ ಇರಬಹುದು?

ಇನ್ನು ಸತ್ತವರ ಮನೆಗಳು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮಣ್ಣಿಗೆ ಹೋಗುವುದು ದೊಡ್ಡ ಕರ್ತವ್ಯ. ಜಗಳ ಇದ್ದವರೂ ಹೋಗುತ್ತಾರೆ. ಭಜನೆ ಇರುತ್ತದೆ, ಅಳು ಇರುತ್ತದೆ, ಒಲೆ ಹಚ್ಚದ ಮನೆಗೆ ಬೀಗರು, ನೆರೆಯವರು ರೊಟ್ಟಿ-ಪಲ್ಯ ತರುತ್ತಾರೆ. ದುಃಖವನ್ನು ಹತ್ತು ಜನ ಹೊರುವ ಏರ್ಪಾಟು ಅದು. 2021ರ ಮೇ ತಿಂಗಳಲ್ಲಿ ಚೀಲದಲ್ಲಿ ಸುತ್ತಿದ ದೇಹವನ್ನು ಪಿಪಿಇ ಕಿಟ್ ಹಾಕಿದವರು ಒಯ್ದರು. ಮುಖ ನೋಡಲಾಗದ ಮಕ್ಕಳಿದ್ದಾರೆ. ‘ದವಾಖಾನಿಗೆ ಒಯ್ಯದಿದ್ರ ಉಳೀತಿದ್ದರೇನೋ’, ‘ನಾನ ರೋಗ ತಂದು ಹಚ್ಚಿದೆ’ ಅನ್ನುವ ಮಾತು ಇವತ್ತಿಗೂ ಕೇಳುತ್ತದೆ. ಹೇಳಿಕೊಳ್ಳಲಾಗದ ಈ ತಪ್ಪಿತಸ್ಥ ಭಾವ ಖಿನ್ನತೆಗೆ ನೇರ ದಾರಿ. ವಯಸ್ಸಾದವರಲ್ಲಿ ಇನ್ನೂ ಜಾಸ್ತಿ. 2003ರಲ್ಲಿ ಸಾರ್ಸ್ ಸಾಂಕ್ರಾಮಿಕ ಬಂದಾಗ ಹಾಂಗ್‌ಕಾಂಗ್‌ನಲ್ಲಿ 65 ದಾಟಿದವರ ಆತ್ಮಹತ್ಯೆ ಏರಿತ್ತು. ಮನೆಯವರಿಗೆ ಭಾರವಾಗುತ್ತೇನೆ ಅನ್ನುವ ಭಯ, ಒಂಟಿತನ ಅದರಲ್ಲಿ ಕಂಡಿತ್ತು. ಮಕ್ಕಳೆಲ್ಲ ಬೆಂಗಳೂರು, ಪುಣೆ ಸೇರಿ ಗಂಡ-ಹೆಂಡತಿ ಇಬ್ಬರೇ ಉಳಿದ, ಈಗ ಒಬ್ಬರೇ ಉಳಿದ ಮನೆಗಳು ಧಾರವಾಡದಲ್ಲಿ ಬಡಾವಣೆಗೊಂದಷ್ಟು ಸಿಗುತ್ತವೆ.

ಚಿಕಿತ್ಸೆ ಎಲ್ಲಿದೆ? ಈ ವಿಷಯದಲ್ಲಿ ಧಾರವಾಡ ಅದೃಷ್ಟದ ಊರು. 1845ರಲ್ಲಿ ಶುರುವಾದ ಮಾನಸಿಕ ಆಸ್ಪತ್ರೆ ಈಗ ಡಿಮ್ಹಾನ್ಸ್ ಆಗಿದೆ. ಹುಬ್ಬಳ್ಳಿಯಲ್ಲಿ ಎಲ್ಲರೂ ಇನ್ನೂ ಕಿಮ್ಸ್ ಅಂತಲೇ ಕರೆಯುವ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ. ಆದರೆ ‘ನಾ ಏನ್ ಹುಚ್ಚ ಆಗೀನೇನು, ಧಾರವಾಡಕ್ಕ ಯಾಕ ಒಯ್ತೀರಿ?’ ಅನ್ನುವ ಮಾತು ಈ ಸೀಮೆಯಲ್ಲಿ ಎಲ್ಲ ಮನೆಯಲ್ಲೂ ಕೇಳಿದ್ದೇ. ದೂರವೂ ಕಡಿಮೆ ಅಲ್ಲ. ರಾಣೆಬೆನ್ನೂರಿನಿಂದ ಧಾರವಾಡ ನೂರು ಕಿಲೋಮೀಟರಿಗಿಂತ ಜಾಸ್ತಿ. ಬಸ್ ನಿಂತಾಗ ತಿಂಗಳ ಮಾತ್ರೆ ತರಲು ಆಗದೆ ನಿಲ್ಲಿಸಿದವರಿಗೆ ಕಾಯಿಲೆ ಮರಳಿತು. 2015-16ರಲ್ಲಿ ನಿಮ್ಹಾನ್ಸ್ ಮಾಡಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಖಿನ್ನತೆಯಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರುವ 100 ಜನರಲ್ಲಿ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಇಲ್ಲ. ಅದು ಕೊರೊನಾಕ್ಕೂ ಮೊದಲಿನ ಮಾತು.

ವಿಚಿತ್ರ ಅಂದರೆ ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಹೇಗೆ ಕೊಡಬೇಕು ಅಂತ ದೇಶಕ್ಕೆ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿ, 1980ರ ದಶಕದಲ್ಲಿ. ಅದರ ಮೇಲೆಯೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿದೆ. ರಾಜ್ಯದಲ್ಲಿ ‘ಮನೋಚೈತನ್ಯ’ ಅಂತ ಒಂದು ಯೋಜನೆ ಇದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವಂಥದ್ದು. ಒಳ್ಳೆಯ ಯೋಜನೆ. ಸಾಮಾನ್ಯ ಹೊರರೋಗಿ ವಿಭಾಗದ ನಡುವೆಯೇ ನಡೆಯುವುದರಿಂದ ‘ತಲಿಶೂಲಿಗೆ ತೋರಿಸಿಕೊಂಡು ಬರ್ತೀನಿ’ ಅಂತ ಹೇಳಿ ಹೋಗಬಹುದು. ಗುಟ್ಟು ಉಳಿಯುತ್ತದೆ, ಮಾತ್ರೆಯೂ ಸಿಗುತ್ತದೆ. ಆದರೆ ಮಂಗಳವಾರದ ವಿಷಯ ಎಷ್ಟು ಜನರಿಗೆ ಗೊತ್ತು? ಪೋಲಿಯೊ ಭಾನುವಾರದ ಹಾಗೆ ಇದನ್ನೂ ಆಶಾ ಕಾರ್ಯಕರ್ತೆಯರ ಬಾಯಲ್ಲಿ ಹಳ್ಳಿ ಹಳ್ಳಿಗೆ ಹೇಳಿಸಬಹುದಿತ್ತು.

ಕಾನೂನಿನ ಹೆದರಿಕೆ ಮಾತ್ರ ಈಗ ಕಡಿಮೆಯಾಗಬೇಕು. ಪ್ರಯತ್ನ ಮಾಡಿ ಉಳಿದವರ ಮೇಲೆ ಕೇಸ್ ಆಗುತ್ತದೆ ಅಂತ ಮನೆಯವರು ದವಾಖಾನೆಯಲ್ಲಿ ‘ಹೊಟ್ಟೆನೋವು’ ಅಂತ ಸುಳ್ಳು ಹೇಳುತ್ತಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಶಿಕ್ಷಿಸಬಾರದು ಅನ್ನುತ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ ಇಲ್ಲ. ವೈದ್ಯರಿಗೆ ನಿಜ ಹೇಳಿದರೆ ಜೀವವೂ ಉಳಿಯುತ್ತದೆ, ಮುಂದಿನ ಚಿಕಿತ್ಸೆಯೂ ಶುರುವಾಗುತ್ತದೆ.

ಹಳ್ಳಿ ಮನೆಗಳಿಗೆ ಇನ್ನೊಂದು ಮಾತು. ಶ್ರೀಲಂಕಾದಲ್ಲಿ 1990ರ ದಶಕದಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. ಎರಡು ದಶಕದಲ್ಲಿ ಆತ್ಮಹತ್ಯೆ ಪ್ರಮಾಣ ಶೇ. 70ರಷ್ಟು ಇಳಿಯಿತು. ಬೆಳೆ ಇಳಿಯಲಿಲ್ಲ. ಸಾಯಬೇಕು ಅನ್ನುವ ಉಮೇದು ಬಹಳ ಜನರಲ್ಲಿ ಕೆಲ ಹೊತ್ತಿನದು, ಆ ಹೊತ್ತಿಗೆ ಕೈಗೆ ಏನೂ ಸಿಗದಿದ್ದರೆ ಅದು ದಾಟಿ ಹೋಗುತ್ತದೆ. ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಮನೆಗಳಲ್ಲಿ ಎಣ್ಣಿ ಡಬ್ಬಿ, ಅಂದರೆ ಕೀಟನಾಶಕದ ಡಬ್ಬಿ, ಬಾಗಿಲ ಮೂಲೆಯಲ್ಲೇ ಇರುತ್ತದೆ. ಅದಕ್ಕೊಂದು ಪೆಟ್ಟಿಗೆ, ಪೆಟ್ಟಿಗೆಗೆ ಕೀಲಿ, ಕೀಲಿ ಬೇರೆಯವರ ಹತ್ತಿರ. ಇದಕ್ಕೆ ಸರ್ಕಾರದ ದಾರಿ ಕಾಯಬೇಕಿಲ್ಲ.

ಕೇಳುವುದಕ್ಕೂ ಕಾಯಬೇಕಿಲ್ಲ. ಊಟ ಬಿಟ್ಟವರು, ಸುಮ್ಮನೆ ಗೋಡೆ ನೋಡುತ್ತಾ ಕೂರುವವರು, ‘ನಾ ಇಲ್ಲದಿದ್ರ ನಿಮಗ ಆರಾಮ’ ಅನ್ನುವವರು, ಇದ್ದಕ್ಕಿದ್ದಂತೆ ಪಾಸ್‌ಬುಕ್ಕು, ಕಾಗದಪತ್ರ ಒಪ್ಪಿಸುವವರು ಮನೆಯಲ್ಲಿದ್ದರೆ ನೇರವಾಗಿ ಕೇಳಿ: ‘ಜೀವಾ ಬ್ಯಾಸರಾಗೇತೇನು? ಸಾಯಬೇಕು ಅನ್ನೋ ವಿಚಾರ ಬರಾಕತ್ತೇತೇನು?’ ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೋಗುತ್ತದೆ ಅನ್ನುವುದು ಸುಳ್ಳು, ಅಧ್ಯಯನಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. ‘ಹೂಂ’ ಅಂದರೆ ಬುದ್ಧಿ ಹೇಳಬೇಡಿ, ದೇವರ ಮೇಲೆ ಭಾರ ಹಾಕು ಅಂತ ಎದ್ದು ಹೋಗಬೇಡಿ. ಒಬ್ಬರನ್ನೇ ಬಿಡಬೇಡಿ. ಟೆಲಿ ಮನಸ್ ಸಹಾಯವಾಣಿ 14416 ಹಗಲು-ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರ್ ಬರೆದುಕೊಟ್ಟು ‘ಮಾಡು’ ಅಂದರೆ ಬಹಳ ಜನ ಮಾಡುವುದಿಲ್ಲ. ನೀವೇ ಹಚ್ಚಿ, ಸ್ಪೀಕರ್ ಮೇಲೆ ಇಟ್ಟು ಪಕ್ಕದಲ್ಲಿ ಕೂಡಿ. ಅಪಾಯ ಕೂಡಲೇ ಇದೆ ಅನ್ನಿಸಿದರೆ 112, ಇಲ್ಲವೇ ಹತ್ತಿರದ ದವಾಖಾನೆ. ಮಂಗಳವಾರದವರೆಗೆ ನೋಡೋಣ ಅನ್ನುವುದು ಬೇಡ.